ಗುತ್ಯಮ್ಮನ ತೆನೆಗಳ ಪರೀಕ್ಷಾ ವರದಿ

೧

ಎಲ್ಲಿಂದ ಶುರು ಮಾಡಲಿ? ತಾಳಗುಂದದ ಶಾಸನದಿಂದ ಹಿಡಿದರೆ ಕಥೆಗೆ ಘನತೆ ಬರುತ್ತದೆ, ಆದರೆ ನೀವು ಎರಡನೇ ಪ್ಯಾರಾಕ್ಕೆ ಮೊದಲೇ ಆಕಳಿಸುತ್ತೀರಿ. ಆ ಡ್ರಾಫ್ಟ್ ಬಿಟ್ಟೆ. ಅದೇ ಊರಿನ ಸಣ್ಣಬೀರಪ್ಪನ ಎಡವಟ್ಟಿನಿಂದ ಶುರು ಮಾಡುತ್ತೇನೆ.

ಅವನು ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯುವಾಗ ಗಾಳಿ ಎದ್ದು, ಔಷಧಿ ನಾಲ್ಕು ಸಾಲು ಮೆಕ್ಕೆಜೋಳದ ಮೇಲೂ ಬಿತ್ತು. ಹೆಂಡತಿ ಗುತ್ಯಮ್ಮ ಬಾಯಿಗೆ ಬಂದಂತೆ ಬೈದಳು. ವಾರ ಕಳೆಯುವುದರೊಳಗೆ ಆ ಸಾಲುಗಳೆಲ್ಲ ಒಣಗಿದವು, ಹನ್ನೊಂದು ಗಿಡ ಬಿಟ್ಟು. ಅವು ಏನೂ ಆಗಿಲ್ಲವೆಂಬಂತೆ ಹಸಿರಾಗಿ ನಿಂತಿದ್ದವು. ಬೈಗುಳ ನಿಂತದ್ದು ಆಗ. ಹಿಂದಿನ ವರ್ಷ ಪಕ್ಕದ ಹೊಲದ ಬೆನಕಪ್ಪ ಬಿಲ್ಲಿಲ್ಲದ ಪ್ಯಾಕೆಟ್ಟಿನ ಬೀಜ ಬಿತ್ತಿದ್ದ: ಕಳೆನಾಶಕಕ್ಕೂ ಸಾಯದ, ಸರ್ಕಾರ ಒಪ್ಪಿಗೆ ಕೊಡದ ಕುಲಾಂತರಿ ಜೋಳ. ಅದರ ಪರಾಗ ಬದು ದಾಟಿ ಅವಳ ಬೀಜದೊಳಗೆ ಸೇರಿತ್ತು.

ಪ್ರತಿ ವರ್ಷ ಬಿತ್ತನೆಗೆ ಮುಂಚೆ, ಹೊಸಬಾಳೆಯವರೆಗಿನ ಒಂಬತ್ತು ಮನೆಯವರು ಬಂದು ಅವಳ ತೊಲೆಗೆ ಕಟ್ಟಿದ ನಾಟಿ ತೆನೆಗಳನ್ನು ಒಯ್ಯುತ್ತಾರೆ. ಬೀಜ ಕೇಳಿ ಬಂದವರನ್ನು ಅವಳು ಬರಿಗೈಲಿ ಕಳಿಸಿದವಳಲ್ಲ. ಇನ್ನು ಕೊಟ್ಟರೆ ಒಂಬತ್ತು ಹೊಲ ಕೆಡುತ್ತವೆ.

(೨ನ್ನು ಹರಿದುಹಾಕಿದೆ. ಅದರಲ್ಲಿ ಡಿಎನ್‌ಎ ಬಗ್ಗೆ ನನ್ನ ಭಾಷಣವಿತ್ತು.)

೩

ಆ ಹನ್ನೊಂದು ಗಿಡದ ಎಳೆ ತೆನೆಗಳನ್ನು ಚೀಲಕ್ಕೆ ತುಂಬಿ ಗುತ್ಯಮ್ಮ ಪರೀಕ್ಷೆಗೆಂದು ಕಛೇರಿಗೆ ಕೊಟ್ಟುಬಂದಳು. (ಯಾವ ಕಛೇರಿ ಎಂದು ಕೇಳಬೇಡಿ, ನಾನೇ ಕಟ್ಟಿಸಿದ್ದು.) ತಿಂಗಳು ಬಿಟ್ಟು ವರದಿ ಕೇಳಲು ಹೋದರೆ ಸಾಹೇಬ ಶಿವಶಂಕರ ತಲೆ ಕೆರೆದುಕೊಂಡ. ಮಳೆಗಾಲದಲ್ಲಿ ರೈತರು ಎಳೆ ತೆನೆ ತಂದರೆ ಅದು ಪ್ರೀತಿಯಿಂದ ಕೊಟ್ಟದ್ದು ತಾನೆ? ಸಿಬ್ಬಂದಿ ಸ್ಯಾಂಪಲ್ಲನ್ನು ಉಪ್ಪು ಹಾಕಿ ಬೇಯಿಸಿ ತಿಂದಿದ್ದರು.

ಯಾರೂ ನಂಬುವುದಿಲ್ಲವೆಂದು ನಾನಿದನ್ನು ಹೊಡೆದುಹಾಕಿದ್ದೆ. ಗುತ್ಯಮ್ಮ ಜಗಳವಾಡಿ ಮತ್ತೆ ಬರೆಸಿದಳು.

"ಬ್ಯಾರೆ ತೆನೆ ತಂದೀನಿ, ಟೆಸ್ಟ್ ಮಾಡ್ಸ್ರಿ," ಎಂದಳು ಸಾಹೇಬನಿಗೆ.

"ಅಮ್ಮಾ, ಆ ಬೀಜಕ್ಕೆ ಪರ್ಮಿಷನ್ನೇ ಇಲ್ಲ. ಪರ್ಮಿಷನ್ ಇಲ್ದಿದ್ದು ನಮ್ಮ ತಾಲೂಕಲ್ಲಿ ಇರಕ್ಕಾಗಲ್ಲ. ಇಲ್ದಿದ್ದನ್ನ ಟೆಸ್ಟಿಗೆ ಹೆಂಗೆ ಕಳ್ಸಲಿ?"

"ಹಂಗಾದ್ರೆ ಇಲ್ಲ ಅಂತ ಬರ್ಕೊಡ್ರಿ."

"ಟೆಸ್ಟ್ ಮಾಡ್ದೆ ಹೆಂಗೆ ಬರ್ಕೊಡ್ಲಿ?"

೪

ಮುಕ್ತಾಯ ಅ: ಮೇಲಧಿಕಾರಿಗಳು ಜೀಪಿನಲ್ಲಿ ಬಂದು ಕ್ಷಮೆ ಕೇಳುತ್ತಾರೆ. (ಬರೆಯುವಾಗ ನನಗೇ ನಗು ಬಂತು.)

ಮುಕ್ತಾಯ ಆ: ಗುತ್ಯಮ್ಮ ತೊಲೆಯ ತೆನೆಗಳನ್ನೆಲ್ಲ ಕಛೇರಿ ಮುಂದೆ ಸುರಿದು ಬೆಂಕಿ ಹಚ್ಚುತ್ತಾಳೆ. ಚೆನ್ನಾಗಿದೆ, ಅಲ್ಲವೇ?

"ನೀವು ಸುಟ್ಟು ಕತಿ ಮುಗ್ಸಿ ಹೋಗ್ತೀರಿ," ಎಂದಳು ಗುತ್ಯಮ್ಮ. "ನಾ ಏನು ಬಿತ್ಲಿ? ಸರೀರಿ ಅತ್ಲಾಗೆ."

ಸರಿದೆ.

೫

ಮುಂದಿನ ವರ್ಷದ ಬಿತ್ತನೆಗೆ ಇನ್ನೂ ತಿಂಗಳಿರುವಾಗ ಅವಳು ತೊಲೆಯ ಪ್ರತಿ ತೆನೆಗೂ ನಂಬರು ಕಟ್ಟಿ, ತೆನೆಗೆ ಇಪ್ಪತ್ತು ಕಾಳಿನಂತೆ ಬಿಡಿಸಿ ಬೇರೆ ಬೇರೆ ಮಡಿಯಲ್ಲಿ ಹಾಕಿದಳು. ಸಸಿ ಗೇಣುದ್ದ ಬಂದಾಗ ಗಂಡನ ಹೆಗಲಿಂದ ಕಳೆನಾಶಕದ ಪಂಪು ಕಿತ್ತುಕೊಂಡಳು. ಸಸಿಗಳೆಲ್ಲ ಸತ್ತರೆ ಆ ತೆನೆ ಶುದ್ಧ, ಬಿತ್ತನೆಗೆ. ಒಂದು ಬದುಕಿದರೂ ತೆನೆ ಒಲೆಗೆ.

"ನಾ ಹೊಡೀತೀನಿ, ಕೊಡೇ ಇಲ್ಲಿ," ಎಂದ ಸಣ್ಣಬೀರಪ್ಪ.

"ನೀ ಹೊಡ್ದಿದ್ದು ಸಾಕು."

ಅವಳಿಗೆ ಸಂಕಟವಾಗುತ್ತಿತ್ತು. ಕೈಯಾರೆ ಬೆಳೆಸಿದ ಸಸಿಗೆ ಕೈಯಾರೆ ವಿಷ ಹೊಡೆಯುವುದೆಂದರೆ ಸಾಮಾನ್ಯವೇ? ಆದರೂ ಒಂದು ಮಡಿಯನ್ನೂ ಬಿಡಲಿಲ್ಲ.

ಫಲಿತಾಂಶ ಬರೆಯಲು ನಾನು ಪೆನ್ನೆತ್ತಿದೆ.

"ಹತ್ತು ದಿನ ಆಗ್ಲಿ. ನೋಡ್ದೆ ಹೇಳ್ಬ್ಯಾಡ್ರಿ, ಆ ಸಾಹೇಬ್ರಂಗೆ."

ಇವತ್ತು ನಾಲ್ಕನೇ ದಿನ. ಕಥೆಗಾರನಾದ ನಾನು ಬದುವಿನ ಮೇಲೆ ಸುಮ್ಮನೆ ಕೂತಿದ್ದೇನೆ. ಗುತ್ಯಮ್ಮ ಮಡಿಯಿಂದ ಮಡಿಗೆ ಬಗ್ಗಿ ನೋಡುತ್ತ, ಸಸಿಗಳಿಗೆ ಮೆಲ್ಲಗೆ ಹೇಳುತ್ತಿದ್ದಾಳೆ: "ಸಾಯ್ರವ್ವಾ. ನಿಮ್ ಕಾಲಿಗೆ ಬೀಳ್ತೀನಿ, ಎಲ್ಲಾರೂ ಸಾಯ್ರಿ."