ಸುಜು ಕಟ್ಟಿದ ಚೀಲ

ಬೆಳಗಾಗುವುದರೊಳಗೆ ಕೊಂಬಿನ ದುಂಬಿ ತೋರಿಸದಿದ್ದರೆ ಅಮ್ಮನಿಗೆ ಫೋನ್ ಮಾಡಿ ಕರೆಸುತ್ತೇನೆಂದು ಚಿಗುಸಾ ಸುಜುವಿಗೆ ಮಾತು ಕೊಟ್ಟುಬಿಟ್ಟಿದ್ದಳು. ಏಳು ವರ್ಷದ ಸುಜು ಮನೆ ಬಿಟ್ಟು ಬಂದದ್ದು ಇದೇ ಮೊದಲು. ಬಸ್ಸಿಳಿದಾಗಿನಿಂದ ಮನೆಗೆ ಹೋಗಬೇಕೆಂಬ ಒಂದೇ ರಾಗ. ಜಪಾನಿನ ಯಮನಾಶಿ ಪ್ರಾಂತ್ಯದ ಬೆಟ್ಟದ ಈ ಬೇಸಿಗೆ ಶಿಬಿರದಲ್ಲಿ ಚಿಗುಸಾಳ ನಾಯಕಿತನಕ್ಕೂ ಇದು ಮೊದಲ ವರ್ಷ. ತನ್ನ ಗುಂಪಿನ ಮಗುವೇ ಅರ್ಧಕ್ಕೆ ಹಿಂದಿರುಗಿದರೆ ಮುಂದಿನ ಬೇಸಿಗೆಗೆ ತನ್ನನ್ನು ಯಾರು ಕರೆದಾರು?

ಹಿಂದಿನ ಸಂಜೆ ಎಲ್ಲ ಕ್ರಮಬದ್ಧವಾಗಿಯೇ ನಡೆದಿತ್ತು. ದುಂಬಿಗಳನ್ನು ಸೆಳೆಯಲು ಶೋಚು ಮದ್ಯ ಸುರಿದು ಬಿಸಿಲಿಗಿಟ್ಟು ಹುಳಿ ಬರಿಸಿದ ಬಾಳೆಹಣ್ಣು, ಅದನ್ನು ತುಂಬಲು ಹಳೆಯ ಕಾಲುಚೀಲಗಳು, ಕಟ್ಟಲು ಕುನುಗಿ ಎಂಬ ಓಕ್ ಮರಗಳು. ಮಕ್ಕಳು ತಮ್ಮ ತಮ್ಮ ಚೀಲ ತಾವೇ ಕಟ್ಟಿದ್ದರು.

ಈಗ ನಸುಕಿನಲ್ಲಿ ನೋಡಿದರೆ ಚೀಲಗಳ ಮೇಲೆ ಒಂದಿರುವೆಯೂ ಇಲ್ಲ.

"ಅಕ್ಕಾ, ದುಂಬಿಗಳೆಲ್ಲ ರಜೆ ಹಾಕಿವೆಯಾ?" ಎಂದ ಗುಂಪಿನ ಹುಡುಗ ಇಬುಕಿ. ಮಕ್ಕಳು ಗೊಳ್ಳೆಂದರು.

ಮಕ್ಕಳೆಲ್ಲ ಕರಡಿಯಣ್ಣ ಎಂದು ಕರೆಯುವ ಹಿರಿಯ ನಾಯಕ ಒಂದು ಚೀಲ ಮೂಸಿ ಮುಖ ಕಿವುಚಿದ. "ಏನಮ್ಮಾ ಇದು, ಆಸ್ಪತ್ರೆ ವಾಸನೆ ಹೊಡೀತಿದೆ?"

ಚಿಗುಸಾ ತನ್ನ ಕೈ ಮೂಸಿಕೊಂಡಳು. "ಕಾಡಿಗೆ ಹೊರಡೋ ಮೊದಲು ಎಲ್ರ ಕೈಕಾಲಿಗೂ ಸೊಳ್ಳೆ ಔಷಧಿ ಹೊಡೆದಿದ್ದೆ..."

"ಅದೇ ಕೈಯಲ್ಲಿ ಬಾಳೆಹಣ್ಣು ಹಿಸುಕಿದ್ರಾ? ದುಂಬಿನೂ ಹುಳಾನೇ ಅಲ್ವೇನೇ ತಾಯಿ!"

"ಸೋತ್ರಿ. ಫೋನ್ ಮಾಡಿ," ಎಂದಳು ಸುಜು, ಕಾಲು ಪರಪರ ಕೆರೆದುಕೊಳ್ಳುತ್ತ.

ಚಿಗುಸಾ ಆ ಕಾಲುಗಳನ್ನೇ ನೋಡಿದಳು. ಮೊಣಕಾಲಿನವರೆಗೂ ಸೊಳ್ಳೆ ಕಚ್ಚಿದ ಕೆಂಪು ದದ್ದು. "ಸುಜು, ನಿನಗೆ ಔಷಧಿ ಹಚ್ಚಲಿಲ್ವಾ?"

"ಬೇಡ ಅಂತ ಓಡಿಹೋದ್ನಲ್ಲ."

"ನಿನ್ನ ಚೀಲ ಎಲ್ಲಿ ಕಟ್ಟಿದ್ದೆ?"

"ಹೇಳಲ್ಲ." ಇನ್ನೊಂದು ಕಾಲು ಕೆರೆದುಕೊಂಡು, "ಅಡುಗೆಮನೆ ಹಿಂದಿನ ಮರಕ್ಕೆ. ನಾನೊಬ್ಳೇ ಕಟ್ಟಿದ್ದು," ಎಂದಳು.

ಚಿಗುಸಾ ಅತ್ತ ಓಡಿದಳು. ಹಿಂದೆಯೇ ಮಕ್ಕಳ ದಂಡು, ಅದರ ಹಿಂದೆ ಏದುಸಿರು ಬಿಡುತ್ತ ಕರಡಿಯಣ್ಣ. ಮರದ ಬುಡದಲ್ಲಿ ಎಲ್ಲರೂ ಒಮ್ಮೆಲೇ ನಿಂತುಬಿಟ್ಟರು.

ಚೀಲವೇ ಕಾಣುತ್ತಿರಲಿಲ್ಲ. ಕಂದು ಬಣ್ಣದ ಬೆನ್ನುಗಳು ಒಂದರ ಮೇಲೊಂದು ಮುತ್ತಿಕೊಂಡು ಮಿರಮಿರ ಮಿನುಗುತ್ತಿದ್ದವು. ದೊಡ್ಡ ಗಂಡು ದುಂಬಿಯೊಂದು ಪಕ್ಕದವನ ಹೊಟ್ಟೆಯಡಿಗೆ ಕೊಂಬು ತೂರಿಸಿ ಎತ್ತಿ ಎಸೆಯಿತು. ಬಿದ್ದವನು ಸುಜುವಿನ ಚಪ್ಪಲಿಯ ಮೇಲೆ ಅಂಗಾತ!

"ಹೋ!" ಎಂದು ಇಡೀ ಗುಂಪು ಕಿರುಚಿತು. ಚಿಗುಸಾಳ ಕಿರುಚಾಟವೇ ಎಲ್ಲರಿಗಿಂತ ಜೋರಾಗಿತ್ತು. ಇಬುಕಿ ಕೈ ಚಾಚಿದ.

"ಮುಟ್ಬೇಡ!" ಸುಜು ಎರಡೂ ಕೈ ಅಗಲಿಸಿ ಮರಕ್ಕೆ ಅಡ್ಡ ನಿಂತಳು. "ಎಲ್ರೂ ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಅಕ್ಕಾ, ನೀವೂ!"

"ಅಮ್ಮನಿಗೆ ಫೋನು?" ಎಂದಳು ಚಿಗುಸಾ.

"ಆಮೇಲೆ ಮಾಡಿ. ಕರ್ಕೊಂಡು ಹೋಗೋಕೆ ಬರೋ ದಿನ ದುಂಬಿಗಳಿಗೆ ದೊಡ್ಡ ಪಂಜರ ತರೋಕೆ ಹೇಳಿ."

ನಲ್ಲಿಯ ಮುಂದೆ ಆಗಲೇ ಸಾಲು ಬೆಳೆದಿತ್ತು. ಚಿಗುಸಾ ಅಂಗಿಯ ತೋಳು ಮಡಚಿಕೊಂಡು ಓಡಿಹೋಗಿ ಕೊನೆಯಲ್ಲಿ ನಿಂತಳು.