ಮೆಟ್ಟಿಲ ಮೇಲಿನ ಸ್ಪ್ಯಾನಿಷ್ ಕ್ಲಾಸು

ಕ್ಲಾಸ್‌ರೂಮು ಅಂದರೆ ಬಾಗಿಲಲ್ಲಿ ನಿಂತವರಿಗೆ ಒಳಗೆ ಬಂದು ಕೂರಬೇಕು ಅನ್ನಿಸಬೇಕು. ಇದು ಯಶಸ್ವಿನಿಯ ಹಟ. ಗುಬ್ಬಿಯಿಂದ ಐದು ವರ್ಷ ದಿನಾ ರೈಲು ಹತ್ತಿ ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಹೇಳಿಕೊಟ್ಟವಳು, ನಮ್ಮ ಕಡೆಯವರಿಗೇ ಯಾಕೆ ಕಲಿಸಬಾರದು ಅಂತ ಆ ಕೆಲಸಕ್ಕೆ ದೊಡ್ಡ ನಮಸ್ಕಾರ ಹಾಕಿ ಬಂದಿದ್ದಳು. ಕ್ಯಾತ್ಸಂದ್ರದ ಕಾಲೇಜೊಂದರ ಪ್ರಿನ್ಸಿಪಾಲರು ಚನ್ನವೀರಯ್ಯ, ಉತ್ತರ ಪತ್ರಿಕೆ ತುಂಬಿಡುತ್ತಿದ್ದ ಮಹಡಿ ಮೇಲಿನ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು.

"ನಾಲ್ಕು ಭಾನುವಾರ ನಿಮ್ದು ಕಣಮ್ಮ. ಐದನೇ ಭಾನುವಾರ ನಾನೇ ಬಂದು ಕೇಳ್ತೀನಿ. ಜನ ಬಾಯಿಬಿಟ್ಟು ಆ ಭಾಷೆ ಮಾತಾಡ್ತಿದ್ರೆ ರೂಮು ನಿಮ್ಗೇ. ಇಲ್ದಿದ್ರೆ ಪೇಪರ್ ಬಂಡಲ್ ವಾಪಸ್ ಬರುತ್ತೆ" ಎಂದರು.

ಯಶಸ್ವಿನಿ ಗೋಡೆಗೆ ತಾನೇ ತಿಳಿಹಳದಿ ಬಣ್ಣ ಬಳಿದಳು. ಬಾಗಿಲಿಗೆ 'ಪ್ವೆರ್ತಾ', ಕಿಟಕಿಗೆ 'ವೆಂತಾನಾ' ಅಂತ ಬಣ್ಣದ ಚೀಟಿ ಅಂಟಿಸಿದಳು. ಬೆಂಚುಗಳನ್ನು ಹೊರಗೆ ಸಾಗಿಸಿ, ಎಲ್ಲರೂ ಮುಖ ನೋಡಿಕೊಂಡು ಕೂರಲಿ ಅಂತ ಸುತ್ತಲೂ ಜಮಖಾನ ಹಾಸಿದಳು. ಹೊಸ ಕೆಲಸ ಅಂದಮೇಲೆ ಅಮ್ಮ ಸುಮ್ಮನಿರುತ್ತಾರೆಯೇ? ಗುಬ್ಬಿಯಿಂದ ಬಂದು ಸರಸ್ವತಿ ಫೋಟೋ ಇಟ್ಟು ಹಾರ ಹಾಕಿದರು, ಮಾವಿನ ತೋರಣ ಕಟ್ಟಿದರು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಕೋಣೆ ನೋಡಿ ಯಶಸ್ವಿನಿಗೆ ಕಣ್ಣು ತುಂಬಿ ಬಂತು.

ಹನ್ನೊಂದು ಜನ ಸೇರಿದರು. ಕೋರದ ತಿಮ್ಮರಾಜು ಕೆಲಸ ಮಾಡುವ ಕಾರ್ಖಾನೆಗೆ ಹೊಸ ಮಷೀನು ಬಂದಿತ್ತು, ಅದರ ಪರದೆಯ ಮೇಲೆ ಬರುವುದೆಲ್ಲ ಸ್ಪ್ಯಾನಿಷ್. ಅಮೃತೂರಿನ ಮಂಜುಳಮ್ಮನ ಮಹಿಳಾ ಸಂಘ ತೆಂಗಿನ ನಾರಿನ ಮ್ಯಾಟು ಮಾಡಿ ಸ್ಪೇನಿನ ಹೆಂಗಸೊಬ್ಬಳಿಗೆ ಕಳಿಸುತ್ತಿತ್ತು. ಮಂಜುಳಮ್ಮನಿಗೆ ಇದ್ದದ್ದು ಒಂದೇ ಕುತೂಹಲ.

"ಫೋನಲ್ಲಿ ಆವಮ್ಮ ಹತ್ತು ಮಾತಾಡಿದ್ರೆ ಮಧ್ಯದೋನು ನಮ್ಗೆ ಎರಡು ಹೇಳ್ತಾನೆ ಮೇಡಂ. ಮಿಕ್ಕ ಎಂಟು ಎಲ್ಲೋಯ್ತವೆ?"

ಇಂಥ ಬಾಯಿಯ ಮಂಜುಳಮ್ಮನೂ ಕೋಣೆಗೆ ಬಂದರೆ ಗಪ್‌ಚುಪ್. ಎಲ್ಲರೂ ಕೆಳಗೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹತ್ತಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೆಂಗಸರು ಈ ಕಡೆ ಗಂಡಸರು ಆ ಕಡೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದರು. ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮಾತಾಡಿ ಅಂದರೆ ತಲೆ ತಗ್ಗಿಸುತ್ತಿದ್ದರು. ಮೂರು ಭಾನುವಾರ ಹೀಗೇ ಕಳೆದವು. ಪಾಠ ರುಚಿಸಲಿಲ್ಲವೇ, ನಾನೇ ಹಿಡಿಸಲಿಲ್ಲವೇ ಅಂತ ಯಶಸ್ವಿನಿ ತನ್ನನ್ನೇ ಕೇಳಿಕೊಂಡಳು.

ಮೂರನೇ ಭಾನುವಾರ ಕ್ಲಾಸು ಬಿಟ್ಟು, ಅವಳು ಬೋರ್ಡು ಒರೆಸುತ್ತಿದ್ದಾಗ ಕೆಳಗಿನಿಂದ ಗಲಾಟೆ ಕೇಳಿಸಿತು. ಏನಿರಬಹುದು ಅಂತ ಬಾಗಿಲಿಗೆ ಬಂದು ಬಗ್ಗಿ ನೋಡಿದಳು.

"ದೋಂದೆ ಎಸ್ತಾ ನನ್ ಚಪ್ಲಿ?" ಅಂತ ಮಂಜುಳಮ್ಮ ಕೂಗುತ್ತಿದ್ದರು. ಎಲ್ಲಿದೆ ಅಂತ ಕೇಳುವುದನ್ನು ಆವತ್ತೇ ಹೇಳಿಕೊಟ್ಟಿದ್ದಳು. "ಆಕೀ! ಆಕೀ!" ಇಲ್ಲಿದೆ, ಇಲ್ಲಿದೆ ಅಂತ ತಿಮ್ಮರಾಜು ಒಂದು ಚಪ್ಪಲಿ ಎತ್ತಿ ಹಿಡಿದು ಆಟವಾಡಿಸುತ್ತಿದ್ದ. ಹನ್ನೊಂದು ಬಾಯಿಯೂ ತೆರೆದಿತ್ತು, ಅರ್ಧ ತಪ್ಪು, ಆದರೂ ಎಂಥ ಮಾತು! ಯಶಸ್ವಿನಿ ಒಂದು ಮೆಟ್ಟಿಲು ಇಳಿದಳೋ ಇಲ್ಲವೋ, ಎಲ್ಲರೂ ತೆಪ್ಪಗಾದರು.

"ಅಲ್ಲ ಮಂಜುಳಮ್ಮಾರೇ, ಇದನ್ನೇ ಮೇಲೆ ಯಾಕೆ ಮಾತಾಡಲ್ಲ?"

"ಅಯ್ಯೋ, ದೇವ್ರು ಮುಂದೆ ತಪ್‌ತಪ್ಪಾಗಿ ಮಾತಾಡಕ್ಕಾಯ್ತದಾ ಮೇಡಂ? ಇದು ಚಪ್ಲಿ ಬುಡೋ ಜಾಗ. ಇಲ್ಲಿ ಏನಂದ್ರೂ ನಡೀತದೆ."

ಯಶಸ್ವಿನಿಗೆ ನಗು ಬಂತು, ಜೊತೆಗೆ ಅಷ್ಟೇ ಸಂಕಟವೂ ಆಯಿತು. ಜನ ಹಾಯಾಗಿರಲಿ ಅಂತ ಸಿಂಗರಿಸಿ ಸಿಂಗರಿಸಿ ದೇವರಮನೆ ಮಾಡಿಬಿಟ್ಟಿದ್ದಳಲ್ಲ! ಫೋಟೋ ತೆಗೆದರೆ ಸರಿಹೋದೀತು ಅನ್ನಿಸಿ ಮೇಲೆ ಹೋಗಿ ಕೈ ಚಾಚಿದಳು. ಅಮ್ಮ ಪೂಜೆ ಮಾಡಿ ಇಟ್ಟದ್ದು. ಕೈ ಬರಲಿಲ್ಲ. ಅವಳೂ ಇದೇ ಸೀಮೆಯವಳು ತಾನೇ?

ನಾಲ್ಕನೇ ಭಾನುವಾರ ಅವಳು ಯಾರನ್ನೂ ಕೋಣೆಗೆ ಕರೆಯಲಿಲ್ಲ. ಮೆಟ್ಟಿಲಿಗೊಬ್ಬರಂತೆ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೊಟ್ಟಳು. ಯಾರೇ ಹತ್ತಲಿ, ಉತ್ತರ ಹೇಳಿದರೆ ಮಾತ್ರ ಮುಂದಿನ ಮೆಟ್ಟಿಲು. ಸಂಜೆಯವರೆಗೂ ಜಗಳ, ನಗು, ಸ್ಪ್ಯಾನಿಷ್.

ಐದನೇ ಭಾನುವಾರ ಚನ್ನವೀರಯ್ಯ ಹೇಳಿದ ಹೊತ್ತಿಗೇ ಬಂದರು. ಯಶಸ್ವಿನಿ ಮೇಲೆ, ಖಾಲಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಇದು, ದಾರಿ ಬಿಡಿ. ರೂಮು ನೋಡ್ಬೇಕು" ಎಂದರು ಪ್ರಿನ್ಸಿಪಾಲರು.

ಮೊದಲ ಮೆಟ್ಟಿಲ ಮಂಜುಳಮ್ಮ ಅಲುಗಲಿಲ್ಲ. "ಕೋಮೊ ಸೆ ಯಾಮಾ?"

"ಆಂ?"

"ಹೆಸ್ರು ಕೇಳ್ತಿವ್ನಿ ಸಾರ್. 'ಮೆ ಯಾಮೊ' ಅನ್ನಿ, ಆಮ್ಯಾಕೆ ನಿಮ್ ಹೆಸ್ರು ಹೇಳಿ."

ಪ್ರಿನ್ಸಿಪಾಲರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಮೆ ಯಾಮೊ ಚನ್ನವೀರಯ್ಯ" ಎಂದರು. ಮಂಜುಳಮ್ಮ ಸರಿದು ಕೂತರು. ಎರಡನೇ ಮೆಟ್ಟಿಲಲ್ಲಿ ಊರು ಕೇಳಿದರು, ಮೂರರಲ್ಲಿ ಹೇಗಿದ್ದೀರಿ ಅಂದರು, ಉತ್ತರವನ್ನೂ ಕೂತವರೇ ಹೇಳಿಕೊಟ್ಟರು. ನಾಲ್ಕರಲ್ಲಿ ಏನು ತಿನ್ನುತ್ತೀರಿ ಅಂದಾಗ ಪ್ರಿನ್ಸಿಪಾಲರು "ಮುದ್ದೆ" ಅಂದರು, ಎಲ್ಲರೂ ಚಪ್ಪಾಳೆ ತಟ್ಟಿ ಬಿಟ್ಟುಕೊಟ್ಟರು. ಐದನೆಯದರಲ್ಲಿ ತಿಮ್ಮರಾಜು, ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ, ಉತ್ತರ ಮಾತ್ರ ಹೇಳಿಕೊಡಲಿಲ್ಲ. ಪ್ರಿನ್ಸಿಪಾಲರು ತಿರುಗಿ ಇಳಿದುಬಿಟ್ಟರು.

ಯಶಸ್ವಿನಿ ಅದನ್ನು ಮೇಲಿನಿಂದಲೇ ನೋಡಿದಳು. ದಡದಡ ಇಳಿದು ಬಂದಳು. "ಸಾರ್, ರೂಮು ನೋಡ್ಲೇ ಇಲ್ವಲ್ಲ!"

ಚನ್ನವೀರಯ್ಯ ಜೇಬಿನಿಂದ ಪೆನ್ನು ತೆಗೆದು, ಅಂಗೈ ಬಿಡಿಸಿ ಅವಳ ಮುಂದೆ ಹಿಡಿದರು.

"ಆ ಹುಡುಗ ಕೇಳಿದ್ದಕ್ಕೆ ಏನನ್ಬೇಕು, ಇಲ್ಲಿ ಬರೀರಿ. ಮುಂದಿನ ಭಾನುವಾರ ಆರನೇ ಮೆಟ್ಲಿಗೆ ಬರ್ತೀನಿ."