ಅಂಗಡಿಯ ಫೋನಿಗೆ ಬಂದ ಸಂದೇಶ

ಬೆಳಕು ಸಾಲದ ಆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದಿನಡಿ ಫೋನಿನ ಸದ್ದು ಮುಳುಗಿಹೋಗುತ್ತಿತ್ತು. ಗಿರಾಕಿಗಳು ಕಳಿಸುವ ಅಂಗಿಯ ಚಿತ್ರಗಳಿಗೆ ಜಾಗ ಬೇಕೆಂದು ಟೈಲರ್ ಪ್ರತಿ ಸಂಜೆ ಉಳಿದ ಸಂದೇಶಗಳನ್ನೆಲ್ಲ ಓದದೆಯೇ ಅಳಿಸುತ್ತಿದ್ದ. ಬಸುರಿ ಹೆಂಡತಿಗೆ ಫೋನಿರಲಿಲ್ಲ. ಆಸ್ಪತ್ರೆಯಲ್ಲಿ ಬರೆಸಿದ್ದು ಇವನ ನಂಬರನ್ನೇ.

ಒಂದು ಮಧ್ಯಾಹ್ನ ನರ್ಸಮ್ಮ ತಾನೇ ಬಂದು ಬಾಗಿಲಲ್ಲಿ ನಿಂತಳು.

“ಏನಣ್ಣಾ, ಲಸಿಕೆಗೆ ಬನ್ನಿ ಅಂತ ಮೆಸೇಜ್ ಮೇಲೆ ಮೆಸೇಜ್ ಕಳಿಸಿದ್ವಿ. ಗಿರಾಕಿದಾದ್ರೆ ಮಾತ್ರ ಓದೋದಾ?”

“ಸಾಲ ತಗೊಳ್ಳಿ, ಬಹುಮಾನ ಬಂದಿದೆ ಅಂತ ದಿನಾ ಹಾಳುಮೂಳು ಬರ್ತಾವೆ ಸಿಸ್ಟರ್. ನಿಮ್ದೂ ಅದರ ಜೊತೆಗೇ ಹೋಗಿರ್ಬೇಕು.” ಟೈಲರ್ ತಲೆಯೆತ್ತಲಿಲ್ಲ. “ಮೊದಲ್ನೇ ಸೂಜಿಗೇ ಅವಳಿಗೆ ಜ್ವರ ಬಂತು. ನಮ್ಮಮ್ಮ ಯಾವ ಸೂಜಿ ಕಂಡಿದ್ಳು? ಏಳು ಹೆರಲಿಲ್ವಾ?”

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವನ ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

“ಹೆತ್ತಳು. ಉಳಿದೋರು ನಾವಿಬ್ಬರೇ.”

ಯಂತ್ರ ನಿಂತಿತು.

“ನನ್ನ ಮಗು ನೆನಪಿದೆಯೇನೋ? ಹುಟ್ಟಿದಾಗ ಚೆನ್ನಾಗೇ ಹಾಲು ಕುಡೀತು. ಆಮೇಲೆ ಬಾಯೇ ಬಿಡಲಿಲ್ಲ. ಮುಟ್ಟಿದ್ರೆ ಸಾಕು, ಮೈ ಬಿಲ್ಲಾಗ್ತಿತ್ತು. ದೃಷ್ಟಿ ತಾಗಿದೆ ಅಂದ್ಕೊಂಡ್ವಿ.”

“ಅದು ಧನುರ್ವಾಯು, ಅಕ್ಕಾ.” ನರ್ಸಮ್ಮನ ದನಿ ತಗ್ಗಿತು. “ಬಸುರಲ್ಲಿ ತಾಯಿಗೆ ಹಾಕೋ ಸೂಜಿ ಹುಟ್ಟೋ ಕೂಸನ್ನೂ ಕಾಯುತ್ತೆ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತೆ. ಆ ಕಾಯಿಲೆ ಬಂದ ಕೂಸು ಉಳಿಯೋದು ಕಷ್ಟ.”

“ನಂಗ್ಯಾರೂ ಹೇಳ್ಲಿಲ್ಲ,” ಎಂದಳು ಅಕ್ಕ ತಮ್ಮನ ಕಡೆ ತಿರುಗಿ. “ನಿನಗೆ ಹೇಳ್ತಿದಾರೆ. ನೀನು ಅಳಿಸ್ತಿದೀಯ.”

ಯಂತ್ರದಡಿ ಸಿಕ್ಕ ಬಟ್ಟೆಯನ್ನು ಬಿಡಿಸಲೂ ಹೋಗದೆ ಟೈಲರ್ ಎದ್ದ. ಅಂಗಿಗಾಗಿ ಬಂದ ಗಿರಾಕಿಗೆ “ನಾಳೆ” ಎಂದವನೇ ಅಕ್ಕನನ್ನೂ ಹೊರಡಿಸಿ ಶಟರ್ ಎಳೆದು, ಹೆಂಡತಿಯನ್ನು ಕರೆತರಲು ಮನೆಯತ್ತ ಓಡಿದ.

ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಸೂಜಿ ಹಾಕಿಸಿಕೊಂಡು, ತೋಳು ಒತ್ತಿಹಿಡಿದು ಕುಳಿತಿದ್ದಳು. ಮುಂದಿನ ತಪಾಸಣೆಯ ಸಂದೇಶ ಯಾರಿಗೆ ಕಳಿಸಲಿ ಎಂದು ನರ್ಸಮ್ಮ ಕೇಳಿದಾಗ, ಟೈಲರ್ ಬಾಯಿ ತೆರೆಯುವ ಮುನ್ನವೇ ಅಕ್ಕ ಮುಂದೆ ಬಂದಳು.

“ಇವನದೂ ಇರಲಿ. ನನ್ನದೂ ಬರ್ಕೊಳ್ಳಿ. ಓದೋಳು ನಾನು.”

ಮನೆಯ ದಾರಿಯುದ್ದಕ್ಕೂ ಅಕ್ಕ ತನ್ನ ಫೋನನ್ನು ಎದೆಗೊತ್ತಿಕೊಂಡು, ನಿದ್ದೆಹೋದ ಮಗುವನ್ನು ಹೊತ್ತವಳಂತೆ ನಿಧಾನವಾಗಿ ನಡೆಯುತ್ತಿದ್ದಳು.

ಬಂಧುಗಳೇ, ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಆಸ್ಪತ್ರೆಯಲ್ಲಿ ಸಂದೇಶ ಓದುವವರ ನಂಬರನ್ನೇ ಬರೆಸಿ. ಲಸಿಕೆಯ ಸಂದೇಶ ಬಂದ ಕೂಡಲೇ ಅವಳಿಗೆ ಓದಿ ಹೇಳಿ, ಜೊತೆಗೆ ಹೋಗಿ. ಸಂದೇಶ ಬಾರದಿದ್ದರೂ ಆಸ್ಪತ್ರೆಗೆ ಹೋಗಿ ಕೇಳಿ. ಅಳಿಸಿದ ಸಂದೇಶವನ್ನು ಆಸ್ಪತ್ರೆಯವರು ಮತ್ತೆ ಕಳಿಸಬಲ್ಲರು. ಹೋದ ಕೂಸನ್ನು ಯಾರೂ ಕಳಿಸಲಾರರು.